ಹೋಟೆಲಿಗೆ ಸ್ವಂತ ವೈನ್ ಒಯ್ಯುವುದು: ಕಾರ್ಕೇಜಿನ ಲೆಕ್ಕ, ಬಾಟಲಿಯ ಜೋಪಾನ

ಬೆಳಗಾವಿ ಕಡೆ ‘ವೈನ್ಸ್’ ಎಂದು ದೊಡ್ಡ ಬೋರ್ಡು ಹಾಕಿದ ಅಂಗಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ಸಿಗುವ ಮಾಲು ಯಾವುದೆಂದರೆ ವೈನೇ. ವಿಸ್ಕಿ, ರಮ್ಮು, ಬಿಯರಿನ ಸಾಲು ಮುಗಿದ ಮೇಲೆ ಮೂಲೆಯಲ್ಲಿ ನಾಲ್ಕಾರು ಬಾಟಲಿ ಧೂಳು ಹಿಡಿದು ನಿಂತಿರುತ್ತವೆ. ಬಾರ್ ಮತ್ತು ರೆಸ್ಟೋರೆಂಟುಗಳ ಮೆನುವಿನಲ್ಲೂ ಅದೇ ಹಣೆಬರಹ. ಒಂದು ಕೆಂಪು, ಒಂದು ಬಿಳಿ ಎಂದು ಬರೆದಿರುತ್ತಾರೆ, ಕೇಳಿದರೆ ‘ಬಿಳೀದು ಖಾಲಿ ಆಗೇತ್ರಿ ಸರ’. ಹೀಗಾಗಿ ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕಕ್ಕೋ ಹೊರಗೆ ಊಟಕ್ಕೆ ಹೊರಟವರಿಗೆ ಮನೆಯಲ್ಲಿಟ್ಟ ಬಾಟಲಿಯನ್ನೇ ಒಯ್ದರೆ ಹೇಗೆ ಎನ್ನಿಸುವುದು ಸಹಜ. ಹಾಗೆ ಒಯ್ದ ಬಾಟಲಿಯನ್ನು ತಣ್ಣಗಿಟ್ಟು, ತೆರೆದು, ಗ್ಲಾಸು ಕೊಟ್ಟು ಬಡಿಸಿದ್ದಕ್ಕೆ ಹೋಟೆಲಿನವರು ಪಡೆಯುವ ರೊಕ್ಕವೇ ಕಾರ್ಕೇಜ್. ಬಾಟಲಿಗೆ ಬಿರಡೆಯ ಬದಲು ತಿರುಪಿನ ಮುಚ್ಚಳವಿದ್ದರೂ ಕಾರ್ಕೇಜ್ ಕಾರ್ಕೇಜೇ. ‘ಇದಕ್ಕ ಕಾರ್ಕs ಇಲ್ಲಲ್ಲ’ ಎಂದು ವಾದಿಸಿ ಗೆದ್ದವರಿಲ್ಲ.

ಎಲ್ಲಿ ಒಯ್ಯಬಹುದು, ಎಲ್ಲಿ ಕೂಡದು

ಮೊದಲ ಪ್ರಶ್ನೆ ರೊಕ್ಕದ್ದಲ್ಲ, ಲೈಸೆನ್ಸಿನದು. ಕರ್ನಾಟಕದಲ್ಲಿ ಕುಳಿತು ಕುಡಿಯಲು ಅನುಮತಿ ಇರುವ ಜಾಗಗಳು ಬಹುಮಟ್ಟಿಗೆ ಮೂರು ಬಗೆ: ಸಿಎಲ್-9 ಇರುವ ಬಾರ್ ಮತ್ತು ರೆಸ್ಟೋರೆಂಟ್, ಸಿಎಲ್-7 ಇರುವ ವಸತಿ ಹೋಟೆಲ್, ಸಿಎಲ್-4 ಇರುವ ಕ್ಲಬ್. ಲೈಸೆನ್ಸಿನ ಸಂಖ್ಯೆಯನ್ನು ಬೋರ್ಡಿನ ಮೇಲೋ ಕೌಂಟರಿನ ಹಿಂದಿನ ಗೋಡೆಯ ಮೇಲೋ ನೋಡಬಹುದು. ಸಿಎಲ್-2 ಎಂದರೆ ಬರೀ ಚಿಲ್ಲರೆ ಮಾರಾಟದ ಅಂಗಡಿ. ಎಂಎಸ್‌ಐಎಲ್ ಮಳಿಗೆಯೂ ಕೊಳ್ಳುವುದಕ್ಕಷ್ಟೇ, ಕೂಡುವುದಕ್ಕಲ್ಲ.

ಖಾನಾವಳಿ, ಹೈವೇ ದಾಬಾ, ಸಾವಜಿ ಊಟದ ಮನೆ, ಫ್ಯಾಮಿಲಿ ಗಾರ್ಡನ್: ಇಂಥಲ್ಲಿ ಲೈಸೆನ್ಸ್ ಇಲ್ಲದಿದ್ದರೆ ನಿಮ್ಮದೇ ಬಾಟಲಿಯಾದರೂ ತೆರೆಯುವಂತಿಲ್ಲ. ‘ಇಲ್ಲಿ ಎಲ್ಲಾರೂ ತರ್ತಾರ್ರಿ, ಏನೂ ಆಗೂದಿಲ್ಲ’ ಎಂಬ ಮಾತು ಕೇಳಿಬರುತ್ತದೆ. ಆದರೆ ಅನುಮತಿ ಇಲ್ಲದ ಜಾಗದಲ್ಲಿ ಕುಡಿಯಲು ಅವಕಾಶ ಮಾಡಿಕೊಟ್ಟದ್ದಕ್ಕೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಕಲಂ 15(ಎ) ಮತ್ತು 32(3)ರ ಅಡಿ ದಾಬಾಗಳ ಮೇಲೆ ಕೇಸು ಬೀಳುವುದು ಹೊಸದೇನಲ್ಲ. ದಾಳಿಯ ಹೊತ್ತಿಗೆ ಟೇಬಲ್ಲಿನ ಎದುರು ಕೂತವರು ನೀವಾಗಿದ್ದರೆ ರಾತ್ರಿಯ ಊಟ ಠಾಣೆಯ ಬೆಂಚಿನ ಮೇಲೆ ಮುಗಿಯುತ್ತದೆ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹೊರಗಿನ ಬಾಟಲಿಗೆ ಹೂಂ ಎನ್ನಬೇಕೆಂದೇನೂ ಇಲ್ಲ. ಬಾರಿನವರು ಮಾರುವ ಮಾಲು ರಾಜ್ಯದ ಪಾನೀಯ ನಿಗಮದ, ಅಂದರೆ ಕೆಎಸ್‌ಬಿಸಿಎಲ್‌ನ, ಡಿಪೋದಿಂದಲೇ ಬರಬೇಕು, ದಾಸ್ತಾನಿನ ಲೆಕ್ಕ ಪುಸ್ತಕದಲ್ಲಿರಬೇಕು. ಆ ಪುಸ್ತಕದಲ್ಲಿಲ್ಲದ ಬಾಟಲಿ ಟೇಬಲ್ಲಿನ ಮೇಲೆ ಕಂಡರೆ ತಪಾಸಣೆಗೆ ಬಂದವರಿಗೆ ಉತ್ತರ ಹೇಳಬೇಕಾದವನು ಮಾಲೀಕ. ಆತ ಬೇಡವೆಂದರೆ ಅದು ಜಿಪುಣತನವಲ್ಲ, ಅಂಜಿಕೆ. ಅಂಜಿಕೆಗೆ ಕಾರಣವೂ ಇದೆ. ಆದ್ದರಿಂದ ಸಿಎಲ್-7 ಇರುವ, ಮೇಲೆ ರೂಮು ಕೆಳಗೆ ರೆಸ್ಟೋರೆಂಟು ಇರುವ ಹೋಟೆಲುಗಳಲ್ಲಿ ಮೊದಲು ಕೇಳಿ. ಅಲ್ಲಿ ಹೊರಊರಿನ ಗಿರಾಕಿಗಳು ಈ ಪ್ರಶ್ನೆಯನ್ನು ಮೊದಲೇ ಕೇಳಿರುತ್ತಾರೆ, ವೈನ್ ಗ್ಲಾಸು, ಐಸ್ ಬಕೆಟ್ಟು ಕೂಡ ಇರುತ್ತವೆ. ಕ್ಲಬ್ಬಾದರೆ ಸದಸ್ಯರ ಮೂಲಕವೇ ಕೇಳಿಸಬೇಕು.

ಗೋವಾ ಬಾಟಲಿ ಬೇಡ

ಇದು ಬೆಳಗಾವಿಯವರಿಗೇ ಹೇಳಬೇಕಾದ ಮಾತು. ಚೋರ್ಲಾ ಘಾಟಿನ ಆಚೆ ಅದೇ ವೈನ್ ಅಗ್ಗ ಎಂಬುದು ಎಲ್ಲರಿಗೂ ಗೊತ್ತು. ಆದರೆ ‘ಗೋವಾದಲ್ಲಿ ಮಾರಾಟಕ್ಕೆ ಮಾತ್ರ’ ಎಂದು ಲೇಬಲ್ಲಿನಲ್ಲೇ ಅಚ್ಚಾದ ಬಾಟಲಿಯನ್ನು ಪರ್ಮಿಟ್ಟಿಲ್ಲದೆ ಗಡಿ ದಾಟಿಸುವುದು ಅಪರಾಧ, ಕಣಕುಂಬಿಯಲ್ಲಿ ವಾಹನ ತಡೆದು ನೋಡುವುದು ಅದಕ್ಕಾಗಿಯೇ. ಸೊಲ್ಲಾಪುರ, ಕೊಲ್ಹಾಪುರ, ನಾಸಿಕದಿಂದ ತಂದದ್ದಕ್ಕೂ ಇದೇ ನ್ಯಾಯ. ಮನೆಗೆ ಹೇಗೋ ತಲುಪಿದ ಬಾಟಲಿಯನ್ನು ಹೋಟೆಲಿಗೆ ಒಯ್ದರೆ ನಿಮ್ಮ ತೊಂದರೆಗೆ ಇನ್ನೊಬ್ಬರ ಲೈಸೆನ್ಸನ್ನೂ ಗಂಟು ಹಾಕಿದಂತೆ.

ವೈನ್ ಎಲ್ಲಿಯದು ಎಂಬುದು ಬೇರೆ, ಬಾಟಲಿ ಎಲ್ಲಿ ಕೊಂಡದ್ದು ಎಂಬುದು ಬೇರೆ. ನಾಸಿಕದ ಸುಲಾ, ಸೊಲ್ಲಾಪುರ ಜಿಲ್ಲೆಯ ಅಕಲೂಜಿನ ಫ್ರಾಟೆಲ್ಲಿ ಕರ್ನಾಟಕದ ಅಂಗಡಿಯಲ್ಲೂ ಸಿಗುತ್ತವೆ. ಕರ್ನಾಟಕದಲ್ಲಿ ಮಾರಾಟಕ್ಕೆಂದು ಬಂದ ಅದೇ ಬಾಟಲಿಯನ್ನು ಬಿಲ್ ಪಡೆದು ಕೊಂಡರೆ ಯಾರ ತಕರಾರೂ ಇಲ್ಲ. ನಂದಿ ಬೆಟ್ಟದ ತಪ್ಪಲಿನ ಗ್ರೋವರ್, ಹಂಪಿ ಕಡೆಯ ಕೃಷ್ಮಾ ನಮ್ಮ ರಾಜ್ಯದವೇ. ಬಿಲ್ಲನ್ನು ಫೋನಿನಲ್ಲಿ ಫೋಟೊ ತೆಗೆದಿಡಿ, ಕಾಗದದ ಬಿಲ್ಲನ್ನು ಬಾಟಲಿಯ ಚೀಲದಲ್ಲೇ ಹಾಕಿಡಿ. ಅಬಕಾರಿ ಲೇಬಲ್ ಹರಿಯದೆ ಇರಲಿ. ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಕೊಂಡದ್ದಾದರೆ ಆ ರಸೀದಿ ಬೇಕೇ ಬೇಕು. ಸೀಲು ಒಡೆದ, ಅರ್ಧ ಕುಡಿದ ಬಾಟಲಿಯನ್ನು ಯಾವ ಹೋಟೆಲಿಗೂ ಒಯ್ಯಬೇಡಿ. ಒಳಗಿರುವುದು ಏನೆಂದು ಅವರಿಗೆ ಹೇಗೆ ಗೊತ್ತಾಗಬೇಕು?

ಫೋನಿನಲ್ಲಿ ಕೇಳುವ ಬಗೆ

ಬಾಟಲಿ ಹಿಡಿದು ಬಾಗಿಲಲ್ಲಿ ನಿಂತು ಕೇಳಿದರೆ ಉತ್ತರ ‘ಇಲ್ಲ’ ಎಂದೇ. ಎರಡು ದಿನ ಮೊದಲು, ಮಧ್ಯಾಹ್ನ ಮೂರರಿಂದ ಆರರೊಳಗೆ, ಊಟದ ಗದ್ದಲ ಇಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಮ್ಯಾನೇಜರನ್ನೇ ಕೇಳಬೇಕು. ಫೋನ್ ಎತ್ತಿದ ಹುಡುಗನಿಗೆ ‘ಕಾರ್ಕೇಜ್’ ಎಂದರೆ ಪಾರ್ಕಿಂಗ್ ಎಂದು ಕೇಳಿಸಬಹುದು. ಹೀಗೆ ಹೇಳಿ:

‘ನಮಸ್ಕಾರ್ರಿ. ಶನಿವಾರ ರಾತ್ರಿ ಎಂಟಕ್ಕ ಆರು ಮಂದಿ ಊಟಕ್ಕ ಬರತೇವಿ. ನಮ್ಮ ಹತ್ರ ಒಂದು ವೈನ್ ಬಾಟ್ಲಿ ಐತಿ, ಇಲ್ಲೇ ಕರ್ನಾಟಕದಾಗ ತಗೊಂಡದ್ದು, ಬಿಲ್ ಐತಿ. ಹೊರಗಿನ ಬಾಟ್ಲಿ ನಿಮ್ಮಲ್ಲಿ ನಡೀತೈತೇನ್ರಿ? ಬಾಟ್ಲಿಗೆ ಎಷ್ಟು ತಗೋತೀರಿ, ಜಿಎಸ್‌ಟಿ ಸೇರಿಸಿ ಹೇಳ್ರಿ.’

ಒಪ್ಪಿದರೆ ಇನ್ನೂ ನಾಲ್ಕು ಮಾತು ಕೇಳಿಕೊಳ್ಳಿ. ಎಷ್ಟು ಬಾಟಲಿವರೆಗೆ ಬಿಡುತ್ತಾರೆ? ಒಂದೂವರೆ ಲೀಟರಿನ ದೊಡ್ಡ ಬಾಟಲಿಯನ್ನು ಒಂದೆಂದು ಹಿಡಿಯುತ್ತಾರೋ ಎರಡೆಂದೋ? (ಎರಡೆಂದು ಹಿಡಿಯುವುದೇ ಹೆಚ್ಚು.) ಅವರ ಮೆನುವಿನಲ್ಲಿರುವ ವೈನನ್ನೇ ತಂದರೆ ನಡೆಯುತ್ತದೆಯೋ? ಬಹಳ ಕಡೆ ನಡೆಯುವುದಿಲ್ಲ, ಒಯ್ಯುವುದು ಮರ್ಯಾದೆಯೂ ಅಲ್ಲ. ನಾಲ್ಕನೆಯದು, ಸ್ಟೆಮ್, ಅಂದರೆ ಉದ್ದ ಕಾಲು, ಇರುವ ವೈನ್ ಗ್ಲಾಸು ಎಷ್ಟಿವೆ? ‘ಗ್ಲಾಸ್ ಅದಾವ್ರಿ’ ಎಂದರೆ ನಂಬಬೇಡಿ, ಪೆಗ್ಗಿನ ಗ್ಲಾಸೂ ಗ್ಲಾಸೇ. ಆಮೇಲೆ ಮಾತಾಡಿದವರ ಹೆಸರು ಕೇಳಿ, ಒಪ್ಪಿದ ದರವನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದು ಕಳಿಸಿ. ಶನಿವಾರ ರಾತ್ರಿ ಬೇರೆ ಪಾಳಿಯವನಿರುತ್ತಾನೆ, ಅವನಿಗೆ ಏನೂ ಗೊತ್ತಿರುವುದಿಲ್ಲ. ಜಗಳಗಳು ಹುಟ್ಟುವುದೆಲ್ಲ ಇಲ್ಲೇ.

ದಿನ ನೋಡಿಕೊಳ್ಳಿ. ಅಕ್ಟೋಬರ್ 2ರಂದು, ಮತದಾನ ಮುಗಿಯುವುದಕ್ಕೆ ಮೊದಲಿನ 48 ಗಂಟೆ ಮದ್ಯ ಮಾರಾಟ ಬಂದ್. ಗಣೇಶ ವಿಸರ್ಜನೆಯಂಥ ಮೆರವಣಿಗೆಯ ದಿನಗಳಲ್ಲಿ ಸ್ಥಳೀಯ ಆಡಳಿತವೂ ಬಂದ್ ಮಾಡಿಸುವುದುಂಟು. ‘ನಾವು ಕೊಳ್ಳೂದಿಲ್ಲಲ್ಲ, ತಂದದ್ದು ಕುಡಿತೇವಿ’ ಎಂಬ ಜಾಣತನ ಆ ದಿನ ನಡೆಯುವುದಿಲ್ಲ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ನಡೆಯುವಾಗ ಬೆಳಗಾವಿಯ ಒಳ್ಳೆಯ ಹೋಟೆಲುಗಳಲ್ಲಿ ಟೇಬಲ್ ಸಿಕ್ಕರೇ ದೊಡ್ಡದು, ಆಗ ಕಾರ್ಕೇಜಿನ ಮಾತೆತ್ತದಿರುವುದೇ ಲೇಸು. ಇನ್ನು ಟೇಬಲ್ಲಿನಲ್ಲಿ ಕುಡಿಯುವವರೆಲ್ಲ 21 ದಾಟಿದವರೇ ಆಗಿರಬೇಕು.

ಲಾಭವೋ ನಷ್ಟವೋ

ಲೆಕ್ಕ ಸರಳ: ಅಂಗಡಿಯ ಬೆಲೆ, ಕಾರ್ಕೇಜ್, ಅದರ ಮೇಲಿನ ತೆರಿಗೆ, ಈ ಮೂರೂ ಕೂಡಿದರೆ ಮೆನುವಿನ ಬೆಲೆಗಿಂತ ಕಡಿಮೆ ಬರಬೇಕು. ಅಂಗಡಿಯಲ್ಲಿ 900 ರೂಪಾಯಿಯ ಬಾಟಲಿ, ಕಾರ್ಕೇಜ್ 500, ಅದರ ಮೇಲೆ ಶೇ 5 ಜಿಎಸ್‌ಟಿ 25 ಎಂದು ಹಿಡಿಯೋಣ. ಒಟ್ಟು 1,425. ಅಂಥದ್ದೇ ವೈನ್ ಮೆನುವಿನಲ್ಲಿ 2,000 ಇದ್ದರೆ 575 ಉಳಿಯಿತು. ಅದೇ 700 ರೂಪಾಯಿಯ ಬಾಟಲಿಯನ್ನು ದೊಡ್ಡ ಹೋಟೆಲಿಗೆ ಒಯ್ದಿರಿ, ಕಾರ್ಕೇಜ್ 600, ತೆರಿಗೆ ಶೇ 18ರಂತೆ 108. ಒಟ್ಟು 1,408. ಮೆನುವಿನಲ್ಲಿ 1,400ಕ್ಕೆ ಅಂಥದ್ದೇ ಇದ್ದರೆ ಬಾಟಲಿ ಹೊತ್ತದ್ದಕ್ಕೆ ಎಂಟು ರೂಪಾಯಿ ದಂಡ. ನಮ್ಮ ಅಭಿಪ್ರಾಯ ಕೇಳಿದರೆ ಅಗ್ಗದ ವೈನನ್ನು ಒಯ್ಯುವುದೇ ತಪ್ಪು. ಕಾರ್ಕೇಜ್ ಬಾಟಲಿಯ ಬೆಲೆ ನೋಡಿ ಬದಲಾಗುವುದಿಲ್ಲ, ಹಾಗಾಗಿ ಬಾಟಲಿ ಒಳ್ಳೆಯದಿದ್ದಷ್ಟೂ ಕೊಟ್ಟ ರೊಕ್ಕಕ್ಕೆ ಬೆಲೆ. ಮದ್ಯ ಜಿಎಸ್‌ಟಿಯ ಹೊರಗಿದೆ, ಕಾರ್ಕೇಜ್ ಸೇವೆಯಾದ್ದರಿಂದ ಅದರ ಮೇಲೆ ತೆರಿಗೆ ಕಂಡರೆ ಗಾಬರಿಯಾಗಬೇಡಿ.

750 ಮಿಲಿಯ ಬಾಟಲಿಯಲ್ಲಿ 150 ಮಿಲಿಯ ಐದು ಗ್ಲಾಸು, 125ರಂತೆ ಸುರಿದರೆ ಆರು. ಆರು ಮಂದಿಗೆ ಒಂದು ಬಾಟಲಿ ಎಂದರೆ ತಲೆಗೊಂದು ಗ್ಲಾಸು. ಎರಡನೆಯದು ಬೇಕಾದರೆ ಹೋಟೆಲಿನದ್ದೇ ಒಂದು ಕೊಳ್ಳಿ. ‘ನಿಮ್ಮದು ಒಂದು ತಗೊಂಡ್ರ ನಮ್ಮದಕ್ಕ ಕಾರ್ಕೇಜ್ ಬಿಡ್ತೀರೇನ್ರಿ’ ಎಂದು ಮೊದಲೇ ಕೇಳಿದರೆ ಒಪ್ಪುವವರಿದ್ದಾರೆ.

ಊಟಕ್ಕೆ ತಕ್ಕ ಬಾಟಲಿ

ತಾಂಬಡಾ ರಸ್ಸಾದ, ಅಂದರೆ ಕೊಲ್ಹಾಪುರ ಕಡೆಯ ಖಾರದ ಕೆಂಪು ಮಟನ್ ಸಾರಿನ, ಜೊತೆ ಗಡುಸಾದ ಕೆಂಪು ವೈನ್ ಒಯ್ದು ಕೈ ಸುಟ್ಟುಕೊಂಡವರು, ಅಂದರೆ ನಾಲಿಗೆ ಸುಟ್ಟುಕೊಂಡವರು, ಬಹಳ. ಖಾರವು ವೈನಿನ ಆಲ್ಕೋಹಾಲನ್ನೂ ಒಗರನ್ನೂ ಎತ್ತಿ ತೋರಿಸುತ್ತದೆ. ಮನೆಯಲ್ಲಿ ಮೆತ್ತಗೆನಿಸಿದ್ದ ಕ್ಯಾಬರ್ನೆ ಸೊವಿನ್ಯೋಂ ಖಾರದ ಮೆಣಸಿನಕಾಯಿಯ ರಸದ ಮೇಲೆ ಗಂಟಲಲ್ಲಿ ಉರಿಯಾಗಿ ಇಳಿಯುತ್ತದೆ. ಸಾವಜಿ ಮಟನ್ನು, ಖಾರದ ಸುಕ್ಕಾ ಇದ್ದರೆ ತುಸು ಸಿಹಿ ಉಳಿಸಿ ಮಾಡಿದ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ಚೆನ್ನಾಗಿ ಹೊಂದುತ್ತದೆ, ಚೆನ್ನಾಗಿ ತಣ್ಣಗಿರಬೇಕಷ್ಟೆ. ಪಾಂಢರಾ ರಸ್ಸಾ ತೆಂಗು, ಗಸಗಸೆಯ ಮೆದು ರುಚಿಯದು, ಅದಕ್ಕೂ ಬಿಳಿಯೇ ಸೈ. ಕೆಂಪೇ ಬೇಕೆಂದರೆ ಹಣ್ಣಿನ ರುಚಿ ಮುಂದಿರುವ ಶಿರಾಜನ್ನು ತುಸು ತಣ್ಣಗೆ ಮಾಡಿ, ತಂದೂರಿಯಲ್ಲಿ ಸುಟ್ಟ ಮಾಂಸದ ಜೊತೆ. ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಜೋಳದ ರೊಟ್ಟಿಯ ಊಟಕ್ಕೆ ಗುಲಾಬಿ ಬಣ್ಣದ ರೋಸೆ ವೈನ್ ಒಗ್ಗುತ್ತದೆ. ಎಳ್ಳು ಶೇಂಗಾಗಳ ಎಣ್ಣೆಯಂಶವನ್ನು ಅದರ ಹುಳಿ ಕತ್ತರಿಸುತ್ತದೆ. ಕೊನೆಗೆ ಕುಂದಾ ತಿನ್ನುವವರಿದ್ದರೆ ಸಿಹಿ ವೈನಿನ 375 ಮಿಲಿಯ ಸಣ್ಣ ಬಾಟಲಿ ಸಾಕು. ವೈನು ಕುಂದಾದಷ್ಟಾದರೂ ಸಿಹಿ ಇರಬೇಕು, ಇಲ್ಲವಾದರೆ ಹುಳಿ ನೀರಿನಂತಾಗುತ್ತದೆ.

ವಿಜಯಪುರದ ತಿಕೋಟಾ, ಬಬಲೇಶ್ವರದ ತೋಟಗಳ ದ್ರಾಕ್ಷಿಯ ಬಗ್ಗೆ ಒಂದು ಮಾತು. ಅಲ್ಲಿ ಹೆಚ್ಚಿಗೆ ಬೆಳೆಯುವುದು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಮಕ್ಕಳು. ತಿನ್ನಲು, ಒಣದ್ರಾಕ್ಷಿ ಮಾಡಲು ಅದಕ್ಕೆ ಸಾಟಿಯಿಲ್ಲ. ಆದರೆ ಒಳ್ಳೆಯ ವೈನಿಗೆ ದಪ್ಪ ಸಿಪ್ಪೆಯ, ಬೀಜದ, ಸಣ್ಣ ಕಾಳಿನ ತಳಿ ಬೇಕು. ತೋಟದ ಗೆಳೆಯರು ಮನೆಯಲ್ಲಿ ಹುಳಿ ಬರಿಸಿ ಕೊಟ್ಟ ‘ವೈನ್’ ಪ್ರೀತಿಯದ್ದಿರಬಹುದು, ಅದಕ್ಕೆ ಲೇಬಲ್ಲೂ ಇಲ್ಲ ಬಿಲ್ಲೂ ಇಲ್ಲ. ಹೋಟೆಲಿಗೆ ಅದು ಬೇಡ.

ಕೊಳ್ಳುವಾಗ ಲೇಬಲ್ಲಿನ ಹಿಂದೆ ಬಾಟಲಿ ತುಂಬಿದ ತಾರೀಖು ನೋಡಿ. ನಮ್ಮ ಬಿಳಿ ವೈನು, ರೋಸೆಗಳಲ್ಲಿ ಬಹುತೇಕ ಎರಡು ವರ್ಷದೊಳಗೆ ಕುಡಿಯುವಂಥವು. ಕಾರ್ಕಿನ ಬಾಟಲಿ ತಿಂಗಳುಗಟ್ಟಲೆ ನಿಂತೇ ಇದ್ದರೆ ಕಾರ್ಕು ಒಣಗಿ ಗಾಳಿ ಒಳಹೊಕ್ಕಿರುತ್ತದೆ. ಕತ್ತಿನ ಫಾಯಿಲ್ ಕೆಳಗೆ ಅಂಟಂಟು ಕಲೆ, ಮೇಲಕ್ಕೆ ಉಬ್ಬಿದ ಕಾರ್ಕು ಕಂಡರೆ ಅದು ಬಿಸಿಲಿಗೆ ಬೆಂದ ಬಾಟಲಿ, ಅಲ್ಲೇ ಇಟ್ಟು ಬನ್ನಿ. ಇಂಥ ಅಂಗಡಿಗಳಲ್ಲಿ ತಿರುಪಿನ ಮುಚ್ಚಳದ್ದೇ ಕಡಿಮೆ ಅಪಾಯದ್ದು.

ಸಾಗಿಸುವುದು, ತಣ್ಣಗಿಡುವುದು

ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನೊಳಗೆ ಇನ್ನೂ ಬಹಳ ಹೆಚ್ಚು. ಅಲ್ಲಿ ಒಂದೆರಡು ತಾಸು ಬಿಟ್ಟ ವೈನು ಕುದಿಸಿದ ಜಾಮಿನ ವಾಸನೆ ಹೊಡೆಯುತ್ತದೆ, ಮತ್ತೆ ತಣ್ಣಗೆ ಮಾಡಿದರೆ ಸರಿಹೋಗುವುದಿಲ್ಲ. ಬಾಟಲಿಯನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಐಸ್ ಪ್ಯಾಕ್ ಜೊತೆ ಬಟ್ಟೆ ಚೀಲದಲ್ಲಿಟ್ಟು ಸೀಟಿನ ಕೆಳಗೆ, ಎಸಿ ಗಾಳಿ ಬೀಳುವಲ್ಲಿ ಇಡಿ. ಡಿಕ್ಕಿ ಬೇಡ.

ಬಿಳಿಯದು 8ರಿಂದ 10 ಡಿಗ್ರಿ, ನೊರೆ ಉಕ್ಕುವ ಸ್ಪಾರ್ಕ್ಲಿಂಗ್ 6ರಿಂದ 8, ಕೆಂಪು 16ರಿಂದ 18. ‘ಕೆಂಪನ್ನು ರೂಮಿನ ತಾಪದಲ್ಲಿ ಕುಡಿಯಬೇಕು’ ಎಂಬುದು ಚಳಿ ದೇಶದ ರೂಮಿನ ಮಾತು. ನಮ್ಮ ಕಡೆ ಬೇಸಿಗೆಯ ರೂಮು 32 ಇರುತ್ತದೆ. ಹಾಗಾಗಿ ಕೆಂಪನ್ನೂ ಹೊರಡುವ ಮುಂಚೆ ಅರ್ಧ ತಾಸು ಫ್ರಿಜ್ಜಿನಲ್ಲಿಡಬೇಕು, ಬಿಳಿಯದನ್ನು ಕನಿಷ್ಠ ಎರಡೂವರೆ ತಾಸು. ಹೋಟೆಲಿನಲ್ಲಿ ಬಕೆಟ್ಟಿಗೆ ಬರೀ ಐಸು ತುಂಬಿ ತಂದರೆ ಅರ್ಧ ನೀರು ಹಾಕಿಸಿ. ಐಸಿನ ತುಂಡುಗಳ ನಡುವೆ ಗಾಳಿ ಇದ್ದರೆ ಬಾಟಲಿಗೆ ತಂಪು ತಾಗುವುದು ಅಲ್ಲಲ್ಲಿ ಮಾತ್ರ, ನೀರಾದರೆ ಸುತ್ತಲೂ ಅಪ್ಪುತ್ತದೆ. ಒಂದು ಹಿಡಿ ಅಡುಗೆ ಉಪ್ಪು ಹಾಕಿದರೆ ಇನ್ನೂ ಬೇಗ, ಕಾಲು ತಾಸಿನಿಂದ ಇಪ್ಪತ್ತು ನಿಮಿಷ. ನೀರು ಬಾಟಲಿಯ ಹೆಗಲವರೆಗೆ ಬರಬೇಕು. ಗ್ಲಾಸಿಗೆ ಐಸು ಹಾಕಲು ಬಂದರೆ ಕೈ ಅಡ್ಡ ಹಿಡಿಯಿರಿ.

ತೆರೆಯುವ ಹೊತ್ತು

ಒಳಗೆ ಹೋದ ಕೂಡಲೇ ಬಾಟಲಿಯನ್ನು ಟೇಬಲ್ಲಿನ ಮೇಲೆ ಇಡದೆ, ಬಿಲ್ ಸಮೇತ ಕೌಂಟರಿಗೆ ಒಪ್ಪಿಸಿ. ಸಾಮಾನ್ಯವಾಗಿ ತೆರೆಯುವವನು ವೇಟರನೇ. ಆದರೆ ಬಿಯರ್ ಓಪನರ್ ಬಿಟ್ಟು ಬೇರೇನೂ ಇಲ್ಲದ ಜಾಗ ಬೇಕಾದಷ್ಟಿವೆ, ಮಡಚುವ ಕಾರ್ಕ್‌ಸ್ಕ್ರೂ ಒಂದು ಕಿಸೆಯಲ್ಲಿರಲಿ.

ಕತ್ತಿನ ದಪ್ಪ ಅಂಚಿನ ಕೆಳಗೆ ಫಾಯಿಲನ್ನು ಸುತ್ತ ಕತ್ತರಿಸಿ ತೆಗೆದು ಬಾಯಿ ಒರೆಸಿ. ಸುರುಳಿಯ ಚೂಪು ತುದಿಯನ್ನು ಕಾರ್ಕಿನ ನಟ್ಟನಡುವೆ ತುಸು ಓರೆಯಾಗಿ ಚುಚ್ಚಿ, ನೆಟ್ಟಗೆ ಮಾಡಿಕೊಂಡು ತಿರುಗಿಸಿ. ಒಂದು ಸುತ್ತು ಹೊರಗೆ ಉಳಿಯುವಷ್ಟಕ್ಕೆ ನಿಲ್ಲಿಸಬೇಕು, ಪೂರ್ತಿ ಇಳಿಸಿದರೆ ಕಾರ್ಕಿನ ಪುಡಿ ವೈನಿಗೆ ಬೀಳುತ್ತದೆ. ಕಾರ್ಕ್‌ಸ್ಕ್ರೂವಿನ ಮಡಚುವ ಕಾಲಿನ ಮೊದಲ ಮೆಟ್ಟಿಲನ್ನು ಬಾಟಲಿಯ ಅಂಚಿಗೆ ಕೊಟ್ಟು ಅರ್ಧ ಎತ್ತಿ, ಎರಡನೆಯದರಿಂದ ಮಿಕ್ಕದ್ದು. ಕೊನೆಯ ಅರ್ಧ ಇಂಚನ್ನು ಕೈಯಿಂದ ಅಲುಗಿಸಿ ತೆಗೆದರೆ ಸದ್ದಾಗದು.

ಕಾರ್ಕು ಒಣಗಿ ನಡುವೆ ಮುರಿದರೆ ಸುರುಳಿಯನ್ನು ಇನ್ನಷ್ಟು ಓರೆಯಾಗಿ, ಉಳಿದ ತುಂಡಿನ ಅಂಚಿಗೆ ಚುಚ್ಚಿ ನಿಧಾನಕ್ಕೆ ಎಳೆಯಿರಿ. ಬರಲೇ ಇಲ್ಲವೆಂದರೆ ಒಳಗೆ ತಳ್ಳಿಬಿಡಿ, ವೈನಿಗೆ ಏನೂ ಆಗುವುದಿಲ್ಲ. ಚಹಾ ಸೋಸುವ ಜಾಲರಿ ತರಿಸಿ ಜಗ್ಗಿಗೆ ಸೋಸಿಕೊಂಡರಾಯಿತು. ಜಾಲರಿಗೆ ಏಲಕ್ಕಿ, ಶುಂಠಿಯ ವಾಸನೆ ಹಿಡಿದಿರುತ್ತದೆ, ಬಿಸಿನೀರಲ್ಲಿ ತೊಳೆಸಿ. ಸ್ಪಾರ್ಕ್ಲಿಂಗ್ ಆದರೆ ಕಾರ್ಕ್‌ಸ್ಕ್ರೂ ಮುಟ್ಟಲೇಬೇಡಿ. ಒಳಗಿನ ಒತ್ತಡ ಕಾರಿನ ಟೈರಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲು. ತಂತಿಯ ಬುಟ್ಟಿಯನ್ನು ಆರು ಅರೆಸುತ್ತು ಬಿಚ್ಚಿ, ಹೆಬ್ಬೆರಳನ್ನು ಕಾರ್ಕಿನ ಮೇಲಿಂದ ತೆಗೆಯದೆ, ಬಾಟಲಿಯನ್ನು ಓರೆ ಹಿಡಿದು, ಕಾರ್ಕನ್ನಲ್ಲ, ಬಾಟಲಿಯನ್ನು ತಿರುಗಿಸಿ. ಘಾಟಿನ ರಸ್ತೆಯಲ್ಲಿ ಕುಲುಕಿಕೊಂಡು ಬಂದದ್ದಾದರೆ ಬಕೆಟ್ಟಿನಲ್ಲಿ ಅರ್ಧ ತಾಸು ಕೂಡಿಸದೆ ತೆರೆಯಬೇಡಿ.

ಬಡಿಸುವ ಮುಂಚೆ ಖಾಲಿ ಗ್ಲಾಸನ್ನು ಮೂಸಿ ನೋಡಿ. ಸೋಪು, ಹಳೆ ಕಪಾಟು, ಒರೆಸಿದ ಬಟ್ಟೆಯ ಮುಗ್ಗಲು, ಇವುಗಳಲ್ಲಿ ಒಂದಾದರೂ ಇರುತ್ತದೆ. ಎರಡು ಚಮಚದಷ್ಟು ವೈನು ಹಾಕಿ ಸುತ್ತಿಸಿ ಚೆಲ್ಲಿದರೆ ಗ್ಲಾಸು ಶುದ್ಧ. ಶುದ್ಧ ಗ್ಲಾಸಿನಲ್ಲೂ ವೈನು ಮಳೆಯಲ್ಲಿ ತೊಯ್ದ ರಟ್ಟಿನ ಡಬ್ಬಿಯ ವಾಸನೆ ಬಂದರೆ ಕಾರ್ಕೇ ಕೆಟ್ಟದ್ದು. ಟಿಸಿಎ ಎಂಬ ರಾಸಾಯನಿಕದ ಕೆಲಸ ಅದು. ಕುಡಿದರೆ ಅಪಾಯವಿಲ್ಲ, ರುಚಿಯೂ ಇಲ್ಲ. ನಿಮ್ಮದೇ ಬಾಟಲಿಯಾದ್ದರಿಂದ ಹೋಟೆಲಿಗೆ ಹಿಂದಿರುಗಿಸುವಂತಿಲ್ಲ, ತೆರೆದ ಮೇಲೆ ಕಾರ್ಕೇಜೂ ಕೊಡಬೇಕು.

ಬಿಲ್ ಬಂದಾಗ

ಕಾರ್ಕೇಜ್ ಬೇರೆ ಸಾಲಿನಲ್ಲಿ, ಒಪ್ಪಿದ ದರದಲ್ಲಿ ಇದೆಯೇ ನೋಡಿ. ಬಿಳಿ ಚೀಟಿಯ ಮೇಲೆ ಪೆನ್ನಿನಿಂದ ಬರೆದು ಕೊಟ್ಟರೆ ಅಚ್ಚಾದ ಬಿಲ್ಲಿಗೇ ಸೇರಿಸಲು ಹೇಳಿ. ಸರ್ವಿಸ್ ಚಾರ್ಜ್ ಬೇರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಯಂತೆ ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ, ಬೇಡವೆಂದರೆ ತೆಗೆಯಬೇಕು. ಕಾರ್ಕೇಜ್ ಹಾಗಲ್ಲ, ಒಪ್ಪಿಕೊಂಡೇ ಒಳಗೆ ಬಂದಿದ್ದೀರಿ. ಕಾರ್ಕೇಜ್ ಹೋಗುವುದು ಮಾಲೀಕನ ಗಲ್ಲೆಗೆ, ಬಕೆಟ್ಟು ಹೊತ್ತ ಹುಡುಗನಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಟಿಪ್ಸನ್ನು ಅವನ ಕೈಗೇ ಕೊಡಿ.

ಹಾಲ್ ಬುಕ್ ಮಾಡಿ ಪಾರ್ಟಿ ಇಟ್ಟರೆ ಕಥೆ ಬೇರೆ. ಹಾಲಿಗೆ ಸ್ವಂತ ಲೈಸೆನ್ಸ್ ಇಲ್ಲದಿದ್ದರೆ ಅಬಕಾರಿ ಇಲಾಖೆಯಿಂದ ಆ ದಿನದ ಮಟ್ಟಿಗೆ ಸಿಎಲ್-5 ಪಡೆಯಬೇಕು, ವಾರ ಮೊದಲೇ ಅರ್ಜಿ ಹಾಕಿ. ಕಾರ್ಕೇಜನ್ನು ತಲೆ ಲೆಕ್ಕದಲ್ಲಿ ಒಪ್ಪಬೇಡಿ, ಅರ್ಧ ಮಂದಿ ಮುಟ್ಟುವುದೇ ಇಲ್ಲ. ತೆರೆದ ಬಾಟಲಿಯ ಲೆಕ್ಕದಲ್ಲಿ ಒಪ್ಪಿ, ಖಾಲಿ ಬಾಟಲಿಗಳನ್ನು ಒಂದು ಕ್ರೇಟಿನಲ್ಲಿ ಕೂಡಿಡಲು ಹೇಳಿ, ಕೊನೆಗೆ ಇಬ್ಬರೂ ನಿಂತು ಎಣಿಸಿ.

ಗಾಡಿ ಹೊಡೆಯುವವರು ಆ ರಾತ್ರಿ ನಿಂಬೆ ಸೋಡಾ ಕುಡಿಯಲಿ. ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಎರಡು ಗ್ಲಾಸಿಗೆ ಅನೇಕರು ದಾಟುತ್ತಾರೆ, ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಉಳಿದ ವೈನಿಗೆ ಅದರ ಕಾರ್ಕನ್ನೇ, ವೈನು ತಾಗಿದ ತುದಿ ಕೆಳಗೆ ಬರುವಂತೆ ಒತ್ತಿ, ಬಿಲ್ ಜೊತೆ ಚೀಲಕ್ಕೆ ಹಾಕಿ, ಈ ಸಲ ಡಿಕ್ಕಿಯಲ್ಲೇ ನಿಲ್ಲಿಸಿ ತನ್ನಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ತಡೆಯುತ್ತದೆ. ನಾಲ್ಕನೆಯ ದಿನ ಹುಳಿ ಮೂಗಿಗೆ ಬಡಿದರೆ ಮಟನ್ ನೆನೆಹಾಕುವಾಗ ಕಿಲೋಗೆ ಅರ್ಧ ಕಪ್ಪಿನಂತೆ ಸುರಿಯಿರಿ, ಮೊಸರು ಹಾಕಬೇಡಿ.